ಮೊದಲು ಬೆಳಕು, ಆಮೇಲೆ ಶಾಖ

ಮೇ ತಿಂಗಳ ಒಂದು ಸಂಜೆ ಕಲಬುರಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ, ಕ್ಯಾನ್ಸರ್‌ಗೆ ಬೆಳಕು ಮತ್ತು ಶಾಖದಿಂದ ಕೊಡುವ ಚಿಕಿತ್ಸೆಯ ಬಗ್ಗೆ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ.

ಎಲ್ಲರೂ ಒಂದು ನಿಮಿಷ ಮೊಬೈಲ್ ತೆಗೆಯಿರಿ. ಟಾರ್ಚ್ ಹಚ್ಚಿ, ಅದರ ಮೇಲೆ ತೋರುಬೆರಳನ್ನು ಒತ್ತಿ ಹಿಡಿಯಿರಿ. ಹಿಂದೆ ಕೂತವರು ಯಾರಾದರೂ ಟ್ಯೂಬ್‌ಲೈಟ್ ಆರಿಸಿ, ಚೆನ್ನಾಗಿ ಕಾಣಲಿ. ನೋಡಿ, ಬೆರಳು ಕೆಂಡದ ಹಾಗೆ ಹೊಳೆಯುತ್ತಿದೆ, ಅಲ್ವಾ? ಟಾರ್ಚಿನಿಂದ ಹೊರಟಿದ್ದು ಬಿಳಿ ಬೆಳಕು. ಬೆರಳು ದಾಟಿ ಬಂದಿದ್ದು ಕೆಂಪು ಮಾತ್ರ. ನೀಲಿ, ಹಸಿರು ಎಲ್ಲಿ ಹೋದವು? ನಿಮ್ಮ ರಕ್ತ ಅವನ್ನು ಕುಡಿದುಬಿಟ್ಟಿತು. ಕೆಂಪು ಒಂದೇ ನುಸುಳಿಕೊಂಡು ಈಚೆ ಬಂತು. ಇವತ್ತು ನಾನು ಹೇಳಬೇಕಾದ ಅರ್ಧ ವಿಷಯ ನಿಮ್ಮ ಬೆರಳ ತುದಿಯಲ್ಲೇ ಇದೆ. ಇನ್ನರ್ಧ ಹೊರಗೆ ಬಿಸಿಲಲ್ಲಿದೆ. ಇಲ್ಲಿಗೆ ಬರುವಾಗ ಫೋನಿನಲ್ಲಿ ಎಷ್ಟು ಡಿಗ್ರಿ ತೋರಿಸುತ್ತಿತ್ತು? 42? 43? ಆ 43ನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಾನು ಡಾಕ್ಟರ್ ಅಲ್ಲ, ಭೌತಶಾಸ್ತ್ರ ಪಾಠ ಮಾಡುವವಳು. ಬೆಳಕು ಮತ್ತು ಶಾಖ ದಿನಾ ಬೋರ್ಡಿನ ಮೇಲೆ ಬರೆಯುವ ಪದಗಳು. ಅವು ಕ್ಯಾನ್ಸರ್ ಜೊತೆ ಸೇರಿದ್ದು ನಮ್ಮ ಕಾಕಾನ ಕಾರಣಕ್ಕೆ. ಅವನ ಮಾತು ನಡುವೆ ಬರುತ್ತದೆ. ಮೊದಲು ಬೆಳಕಿನ ಕಥೆ.

ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅಂತ ಒಬ್ಬ ವಿದ್ಯಾರ್ಥಿ ಇದ್ದ. ಹರ್ಮನ್ ಫಾನ್ ಟಾಪೈನರ್ ಅವರ ಪ್ರಯೋಗಾಲಯದಲ್ಲಿ ಕೆಲಸ. ನೀರಿನಲ್ಲಿ ಈಜಾಡುವ, ಒಂದೇ ಕೋಶದ ಪ್ಯಾರಮೀಸಿಯಂ ಜೀವಿಗಳಿಗೆ ಅಕ್ರಿಡಿನ್ ಅನ್ನುವ ಬಣ್ಣ ಹಾಕಿ, ಎಷ್ಟು ಹಾಕಿದರೆ ಎಷ್ಟು ಹೊತ್ತಿಗೆ ಸಾಯುತ್ತವೆ ಅಂತ ಲೆಕ್ಕ ಬರೆಯುತ್ತಿದ್ದ. ಲೆಕ್ಕ ಕೂಡಿಬರಲಿಲ್ಲ. ಅದೇ ಬಣ್ಣ, ಅಷ್ಟೇ ಪ್ರಮಾಣ, ಒಂದು ದಿನ ಬೇಗ ಸಾಯುತ್ತವೆ, ಇನ್ನೊಂದು ದಿನ ಆರಾಮಾಗಿ ಓಡಾಡಿಕೊಂಡಿರುತ್ತವೆ. ಬೇರೆಯವರಾಗಿದ್ದರೆ ಎಲ್ಲೋ ಅಳತೆ ತಪ್ಪಿದೆ ಅಂತ ಬಿಟ್ಟುಬಿಡುತ್ತಿದ್ದರೇನೋ. ಆ ಹುಡುಗ ಬಿಡಲಿಲ್ಲ. ಅವು ಬದುಕಿ ಉಳಿದ ದಿನ ಏನು ಬೇರೆ ಇತ್ತು ಅಂತ ಹುಡುಕಿದ. ಆ ದಿನ ಗುಡುಗು ಮಿಂಚಿನ ಮಳೆ, ಮೋಡ ಕವಿದು ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು. ಬಣ್ಣ ತಾನಾಗಿ ಕೊಲ್ಲುತ್ತಿರಲಿಲ್ಲ, ಬೆಳಕೂ ತಾನಾಗಿ ಕೊಲ್ಲುತ್ತಿರಲಿಲ್ಲ. ಎರಡೂ ಸೇರಿದಾಗಲೇ ಸಾವು. 1900ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಮೂರೇ ವರ್ಷಕ್ಕೆ, 1903ರಲ್ಲಿ, ಅದೇ ಊರಿನಲ್ಲಿ ಚರ್ಮದ ಗಡ್ಡೆಗಳಿಗೆ ಇಯೋಸಿನ್ ಬಣ್ಣ ಬಳಿದು ಬೆಳಕು ಬಿಟ್ಟು ನೋಡಿದರು. ಇಲ್ಲಿ ಲ್ಯಾಬ್ ಮಾಡುವ ಮಕ್ಕಳಿದ್ದೀರಿ. ರೀಡಿಂಗ್ ಸರಿ ಬರದಿದ್ದರೆ ಪಕ್ಕದವರದ್ದು ನೋಡಿ ತಿದ್ದಬೇಡಿ, ಆ ದಿನ ಏನು ಬೇರೆ ಇತ್ತು ಅಂತ ನೋಡಿ.

ಬೆಳಕಿನಿಂದ ರೋಗ ವಾಸಿ ಮಾಡುವ ಯೋಚನೆ ನಮಗೂ ಹೊಸದಲ್ಲ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಅದು ಕೆಲಸ ಮಾಡುವ ದಾರಿ ಬೇರೆ, ಇವತ್ತಿನ ವಿಷಯದ ದಾರಿ ಬೇರೆ. ಆದರೆ ಮೂಲ ತಿಳಿವಳಿಕೆ ಒಂದೇ: ಕೆಲವು ವಸ್ತುಗಳು ಮೈಗೆ ಸೇರಿದರೆ ಬೆಳಕಿನ ಗುಣವೇ ಬದಲಾಗುತ್ತದೆ.

ಈಗ ಇದನ್ನು ಫೋಟೋಡೈನಮಿಕ್ ಥೆರಪಿ ಅನ್ನುತ್ತಾರೆ, ನಾನು ಬೆಳಕಿನ ಚಿಕಿತ್ಸೆ ಅಂತ ಕರೆಯುತ್ತೇನೆ. ಮೂರು ಸಾಮಾನು ಬೇಕು. ಒಂದು ಔಷಧಿ, ಅದಕ್ಕೆ ತಕ್ಕ ಬಣ್ಣದ ಬೆಳಕು, ಮತ್ತು ಆಮ್ಲಜನಕ. ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ, ಇಲ್ಲವೇ ಚರ್ಮದ ಮೇಲೆ ಹಚ್ಚುತ್ತಾರೆ. ಅದು ಕ್ಯಾನ್ಸರ್ ಕೋಶಗಳಲ್ಲಿ ಜಾಸ್ತಿ ಉಳಿದುಕೊಳ್ಳುತ್ತದೆ. ಸುಮ್ನೆ ಕೂತಿರುತ್ತದೆ, ಏನೂ ಮಾಡುವುದಿಲ್ಲ. ಔಷಧಿಗೆ ತಕ್ಕಂತೆ ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು, ಬೆಳಕು ಸಾಗಿಸುವ ತೆಳ್ಳಗಿನ ನಾರಿನ (ಆಪ್ಟಿಕಲ್ ಫೈಬರ್) ಮೂಲಕ ಕೆಂಪು ಲೇಸರ್ ಬೆಳಕನ್ನು ನೇರ ಗಡ್ಡೆಗೆ ಬಿಡುತ್ತಾರೆ. ಔಷಧಿ ಆ ಬೆಳಕನ್ನು ಹೀರಿ, ಅದರ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ನಾವು ಉಸಿರಾಡುವ ಅದೇ ಆಮ್ಲಜನಕ, ಆ ಶಕ್ತಿ ತಗುಲಿದ ಕೂಡಲೇ ಉಗ್ರವಾಗುತ್ತದೆ. ಅದಕ್ಕೆ ಸಿಂಗ್ಲೆಟ್ ಆಮ್ಲಜನಕ ಅಂತ ಹೆಸರು. ಕೋಶದ ಪೊರೆ, ಒಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ, ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಆದರೆ ಅದರ ಆಯುಸ್ಸು ಎಷ್ಟು ಚಿಕ್ಕದೆಂದರೆ, ಹುಟ್ಟಿದ ಜಾಗದಿಂದ ಒಂದು ಕೋಶದ ಅಗಲದಷ್ಟೂ ಹೋಗಲಾರದೆ ಮುಗಿದುಹೋಗುತ್ತದೆ. ಹಾಗಾಗಿ ಬೆಳಕು ಬಿದ್ದಲ್ಲಿ, ಔಷಧಿ ಇದ್ದಲ್ಲಿ ಮಾತ್ರ ಹಾನಿ. ಪಕ್ಕದ ಜಾಗ ಬಹುಪಾಲು ಉಳಿಯುತ್ತದೆ. ಅಂಗಾಂಶಕ್ಕೆ ಆಧಾರವಾಗಿರುವ ಕೊಲಾಜನ್ ನಾರು ಹೆಚ್ಚು ಕೆಡುವುದಿಲ್ಲ, ಆದ್ದರಿಂದ ಗಾಯ ಮಾದಾಗ ಕಲೆ ಕಡಿಮೆ. ರೇಡಿಯೇಷನ್‌ಗೆ ಇಂತಿಷ್ಟೇ ಅಂತ ಮಿತಿ ಇರುತ್ತದಲ್ಲ, ಆ ಥರದ ಕೂಡುತ್ತಾ ಹೋಗುವ ಲೆಕ್ಕ ಇದಕ್ಕಿಲ್ಲ. ಬೇಕಾದರೆ ಮತ್ತೆ ಕೊಡಬಹುದು.

ಇದು ಕ್ಯಾನ್ಸರ್ ಆಸ್ಪತ್ರೆಗೆ ಬಂದಿದ್ದು ಅಮೆರಿಕದ ಬಫಲೋ ನಗರದಿಂದ. ಅಲ್ಲಿನ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ಥಾಮಸ್ ಡೌಹರ್ಟಿ 1978ರಲ್ಲಿ 25 ರೋಗಿಗಳ ಲೆಕ್ಕ ಕೊಟ್ಟರು. ಅವರ ಮೈಮೇಲಿನ 113 ಗಡ್ಡೆಗಳಲ್ಲಿ 111 ಪೂರ್ತಿ ಇಲ್ಲವೇ ಸ್ವಲ್ಪಮಟ್ಟಿಗೆ ಕರಗಿದ್ದವು. ಅವರ ಔಷಧಿಯೇ ಮುಂದೆ ಫೋಟೋಫ್ರಿನ್ ಆಯಿತು. ಕೆನಡಾ 1993ರಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿತು. ಅಮೆರಿಕ 1995ರಲ್ಲಿ, ಅನ್ನನಾಳ ಮುಚ್ಚಿ ತುತ್ತು ಇಳಿಯದವರಿಗೆ ಅಂತ ಒಪ್ಪಿತು. 2001ರಲ್ಲಿ ಯುರೋಪಿನಲ್ಲಿ ಟೆಮೊಪೋರ್ಫಿನ್ ಅನ್ನುವ ಇನ್ನೊಂದು ಔಷಧಿ ಬಂತು. ಅದು ಬಂದಿದ್ದು ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ. ಬಾಯಿಯ ಕ್ಯಾನ್ಸರ್ ಕೂಡ ಅದೇ ಗುಂಪಿಗೆ ಸೇರಿದ್ದು, ಇದನ್ನೂ ನೆನಪಿಟ್ಟುಕೊಳ್ಳಿ.

ಇಷ್ಟು ಚೆಂದದ ಚಿಕಿತ್ಸೆ ಇದ್ದರೆ ಎಲ್ಲರಿಗೂ ಅದನ್ನೇ ಯಾಕೆ ಕೊಡುವುದಿಲ್ಲ? ಮತ್ತೆ ನಿಮ್ಮ ಬೆರಳನ್ನೇ ನೋಡಿ. ಟಾರ್ಚ್ ಬೆಳಕು ಬೆರಳು ದಾಟಿತು. ಹೊಟ್ಟೆ ಮೇಲೆ ಇಟ್ಟರೆ ದಾಟುತ್ತದಾ? ಇಲ್ಲ. ಈ ಕೆಂಪು ಬೆಳಕು ಕೆಲಸ ಮಾಡುವಷ್ಟು ಬಲದಲ್ಲಿ ಇಳಿಯುವುದು ಅರ್ಧ ಸೆಂಟಿಮೀಟರ್, ಬಹಳ ಅಂದರೆ ಒಂದು ಸೆಂಟಿಮೀಟರ್. ಅದು ಒಂದು ತೊಡಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು, ಅದು ಆಮ್ಲಜನಕದ್ದು.

ಶಹಾಪುರ, ಜೇವರ್ಗಿ ಕಡೆಯವರು ಯಾರಿದ್ದೀರಿ? ಕಾಲುವೆ ಸಾಲಿನ ಕೊನೆಯ ಹೊಲದ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಲುವೆ ಬಾಯಿಯ ಹತ್ತಿರ ಇದ್ದವರ ಭತ್ತ ನೀರಲ್ಲಿ ನಿಂತಿರುತ್ತದೆ, ಕೊನೆಯವರ ಹೊಲಕ್ಕೆ ಹಸಿ ಕೂಡ ಮುಟ್ಟಿರುವುದಿಲ್ಲ. ಗಡ್ಡೆಯ ಒಳಗೂ ಹೀಗೇ. ರಕ್ತನಾಳದಿಂದ ಆಮ್ಲಜನಕ ಇಂಗಿ ಹೋಗುವುದು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ದೂರ ಮಾತ್ರ. ಗಡ್ಡೆ ಅವಸರವಾಗಿ ಬೆಳೆಯುತ್ತದೆ, ಅದರ ರಕ್ತನಾಳಗಳು ಸೊಟ್ಟಗೆ, ಅಡ್ಡಾದಿಡ್ಡಿ, ಅಲ್ಲಲ್ಲಿ ಸೋರುತ್ತಿರುತ್ತವೆ. ನಾಳಕ್ಕೆ ಹತ್ತಿರದ ಕೋಶಗಳು ಉಸಿರಾಡುತ್ತವೆ. ದೂರದವು ಆಮ್ಲಜನಕವಿಲ್ಲದೆ, ಸಕ್ಕರೆಯಿಲ್ಲದೆ, ತಮ್ಮದೇ ಆಮ್ಲದಲ್ಲಿ ನೆನೆದುಕೊಂಡು, ಸಾಯದೆ ಹೇಗೋ ಬದುಕಿರುತ್ತವೆ. ಅಂಥ ಕೋಶಗಳ ಮೇಲೆ ಬೆಳಕು ಬಿದ್ದರೂ ಏನು ಪ್ರಯೋಜನ? ಔಷಧಿ ಇದೆ, ಬೆಳಕು ಇದೆ, ಉಗ್ರವಾಗಲು ಆಮ್ಲಜನಕವೇ ಇಲ್ಲ. ಮೇಲಾಗಿ ಬೆಳಕು ಜೋರಾಗಿ ಬಿಟ್ಟಷ್ಟೂ ಹತ್ತಿರದ ಕೋಶಗಳಲ್ಲಿನ ಆಮ್ಲಜನಕ ಖರ್ಚಾಗುತ್ತದೆ, ಮೇಲಿನವರೆಲ್ಲ ಒಟ್ಟಿಗೆ ಮೋಟಾರ್ ಹಚ್ಚಿದರೆ ಕೆಳಗಿನವರಿಗೆ ಹನಿಯೂ ಬಾರದ ಹಾಗೆ. ಅದಕ್ಕೆ ಬೆಳಕನ್ನು ಮೆಲ್ಲಗೆ ಬಿಡುತ್ತಾರೆ, ಇಲ್ಲವೇ ನಡುನಡುವೆ ನಿಲ್ಲಿಸುತ್ತಾರೆ. ಮೋಟಾರ್ ಬಂದ್ ಮಾಡಿ ಸ್ವಲ್ಪ ಹೊತ್ತು ಕಾದರೆ ನೀರು ಮುಂದೆ ಸಾಗುತ್ತದಲ್ಲ, ಅಷ್ಟೇ ಲೆಕ್ಕ. ಆದರೂ ಕೊನೆಯ ಹೊಲ ಕೊನೆಯ ಹೊಲವೇ. ಅಲ್ಲಿ ಉಳಿದ ಕೋಶಗಳಿಂದ ಗಡ್ಡೆ ಮತ್ತೆ ಚಿಗುರುತ್ತದೆ. ರೇಡಿಯೇಷನ್‌ಗೂ ಆಮ್ಲಜನಕ ಇಲ್ಲದ ಕೋಶಗಳು ಸುಲಭಕ್ಕೆ ಬಗ್ಗುವುದಿಲ್ಲ.

ಈಗ ಶಾಖಕ್ಕೆ ಬರೋಣ. 43.

1866ರಲ್ಲಿ ವಿಲ್ಹೆಲ್ಮ್ ಬುಶ್ ಅನ್ನುವ ಜರ್ಮನ್ ಶಸ್ತ್ರವೈದ್ಯ ಒಂದು ಸಂಗತಿ ಬರೆದಿಟ್ಟ. ಮುಖದ ಮೇಲೆ ಸಾರ್ಕೋಮಾ ಅನ್ನುವ ಕ್ಯಾನ್ಸರ್ ಗಡ್ಡೆ ಇದ್ದ ಹೆಂಗಸಿಗೆ ಎರಿಸಿಪೆಲಸ್ ಅನ್ನುವ ಚರ್ಮದ ಸೋಂಕಾಗಿ ಜೋರು ಜ್ವರ ಬಂತು. ಜ್ವರ ಇಳಿಯುವ ಹೊತ್ತಿಗೆ ಗಡ್ಡೆ ಮಾಯ. ನ್ಯೂಯಾರ್ಕಿನ ವಿಲಿಯಂ ಕೋಲಿ 1890ರ ದಶಕದಲ್ಲಿ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ತರಿಸಿ ನೋಡಿದರು. ಅಲ್ಲಿ ಕೆಲಸ ಮಾಡಿದ್ದು ಶಾಖವೋ, ಮೈಯ ರೋಗನಿರೋಧಕ ಶಕ್ತಿಯೋ ಅನ್ನುವುದು ಬೇರೆ ಚರ್ಚೆ. ಆದರೆ ಶಾಖ ತಾನೊಂದೇ ಕೋಶವನ್ನು ಕೊಲ್ಲುತ್ತದೆ ಅನ್ನುವುದು ಆಮೇಲೆ ಪ್ರಯೋಗಾಲಯದಲ್ಲಿ ಖಚಿತವಾಯಿತು, ಅದಕ್ಕೊಂದು ಲೆಕ್ಕವೂ ಸಿಕ್ಕಿತು. 43 ಡಿಗ್ರಿಯಲ್ಲಿ ಒಂದು ಗಂಟೆ ಬೇಕಾದರೆ 44ರಲ್ಲಿ ಅರ್ಧ ಗಂಟೆ ಸಾಕು, 45ರಲ್ಲಿ ಕಾಲು ಗಂಟೆ. ಕೆಳಗೆ ಇಳಿದರೆ ಉಲ್ಟಾ. 42ಕ್ಕೆ ಬಂದರೆ ಸುಮಾರು ನಾಲ್ಕು ಗಂಟೆ ಬೇಕು. ಮನೆಗೆ ಹೋಗಿ ಬಚ್ಚಲಲ್ಲಿ ಬಿಸಿನೀರಿಗೆ ಥರ್ಮಾಮೀಟರ್ ಇಟ್ಟು ನೋಡಿ. 40ರ ನೀರಲ್ಲಿ ಹಾಯಾಗಿ ಕೈ ಇಡಬಹುದು, 45ರಲ್ಲಿ ಕೈ ತಾನಾಗಿ ಹಿಂದೆ ಬರುತ್ತದೆ. ಐದೇ ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ. ಸಣ್ಣ ಮಕ್ಕಳನ್ನು ಆ ನೀರಿನ ಹತ್ತಿರ ಬಿಡಬೇಡಿ.

ಹಾಗಾದರೆ ಹೊರಗೆ 43 ಇದ್ದಾಗ ನಾವು ಯಾಕೆ ಸಾಯುವುದಿಲ್ಲ? ನಮ್ಮೊಳಗೆ ಕೂಲರ್ ಇದೆ. ಕಲಬುರಗಿಯಲ್ಲಿ ಕೂಲರ್ ಇಲ್ಲದ ಮನೆ ಎಷ್ಟಿವೆ? ನೀರು ಹರಿಯಬೇಕು, ಫ್ಯಾನ್ ತಿರುಗಬೇಕು, ಒಳಗಿನ ಹುಲ್ಲು ಒದ್ದೆ ಇರಬೇಕು, ಆಗ ತಂಪು. ಮೈಯಲ್ಲಿ ಆ ಹರಿಯುವ ನೀರು ರಕ್ತ. ಬಿಸಿ ತಗುಲಿದ ಕಡೆ ರಕ್ತನಾಳ ಅಗಲವಾಗಿ, ಹೆಚ್ಚು ರಕ್ತ ಹರಿದು, ಬಿಸಿಯನ್ನು ಹೊತ್ತು ಬೇರೆ ಕಡೆ ಒಯ್ಯುತ್ತದೆ. ಬೆವರು ಅದನ್ನು ಹೊರಗೆ ಹಾಕುತ್ತದೆ. ಗಡ್ಡೆಯ ಸೊಟ್ಟ ರಕ್ತನಾಳಗಳಿಗೆ ಹಾಗೆ ಅಗಲವಾಗಲು ಬರುವುದಿಲ್ಲ. ಅದರ ಕೂಲರ್ ಕೆಟ್ಟಿದೆ. ಸುತ್ತಲಿನ ಮಾಂಸಕ್ಕೂ ಗಡ್ಡೆಗೂ ಒಂದೇ ಬಿಸಿ ಕೊಟ್ಟರೂ ಗಡ್ಡೆ ಜಾಸ್ತಿ ಕಾಯುತ್ತದೆ. ಅದರಲ್ಲೂ ಹೆಚ್ಚು ಕಾಯುವುದು ರಕ್ತ ಮುಟ್ಟದ ಆ ಕೊನೆಯ ಹೊಲ. ಆಮ್ಲದಲ್ಲಿ ನೆನೆದು, ಹಸಿದು ಕೂತ ಕೋಶಗಳು ಶಾಖಕ್ಕೆ ಮೊದಲೇ ಸೋಲುತ್ತವೆ. ನಾನು ಈ ಮಾತು ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬೆಳಕಿಗೆ ಬಗ್ಗದ ಕೋಶಗಳು ಯಾವುವೋ ಅವೇ ಶಾಖಕ್ಕೆ ಬಗ್ಗುತ್ತವೆ.

ಇಲ್ಲೊಮ್ಮೆ ನಿಲ್ಲುತ್ತೇನೆ. ಈಗಾಗಲೇ ನಿಮ್ಮಲ್ಲಿ ಒಬ್ಬರಿಗಾದರೂ ಬಂದಿರುವ ಯೋಚನೆ ನನಗೆ ಗೊತ್ತು. ಹಾಗಾದರೆ ಗಡ್ಡೆಗೆ ಮನೆಯಲ್ಲೇ ಶಾಖ ಕೊಟ್ಟರೆ?

ನಮ್ಮ ಕಾಕಾ ಅದನ್ನೇ ಮಾಡಿದ. ತೊಗರಿ ಬೆಳೆಯುವವ. ಎಡಗೆನ್ನೆಯ ಒಳಗೆ ತಂಬಾಕು, ಸುಣ್ಣ ಇಟ್ಟುಕೊಂಡೇ ಹೊಲ ನೋಡುತ್ತಿದ್ದ. ಇಟ್ಟ ಜಾಗದಲ್ಲೇ ಬಿಳಿ ಮಚ್ಚೆ ಎದ್ದು ಎಷ್ಟೋ ದಿನವಾಗಿತ್ತು, ನಾವ್ಯಾರೂ ಬಾಯಿ ತೆಗೆಸಿ ನೋಡಿರಲಿಲ್ಲ. ಒಂದು ದಿನ ದವಡೆ ಕೆಳಗೆ ಗಂಟು ಸಿಕ್ಕಿತು. ಯಾರೋ ಉಪ್ಪಿನ ಶಾಖ ಕೊಡು ಅಂದರು. ಕಲ್ಲುಪ್ಪನ್ನು ಹಂಚಿನ ಮೇಲೆ ಹುರಿದು, ಹಳೆಯ ಧೋತರದ ಅರಿವೆಯಲ್ಲಿ ಗಂಟು ಕಟ್ಟಿ, ಕಾಕು ದಿನಾ ರಾತ್ರಿ ಒತ್ತುತ್ತಿದ್ದಳು. ಒತ್ತಿದ ಕೂಡಲೇ ನೋವು ಸ್ವಲ್ಪ ಕಡಿಮೆ ಆಗುತ್ತಿತ್ತು, ಹಾಗಾಗಿ ಗುಣ ಆಗುತ್ತಿದೆ ಅಂತಲೇ ಎಲ್ಲರೂ ತಿಳಿದೆವು. ನಾನೂ ತಿಳಿದೆ. ನಾಲ್ಕು ತಿಂಗಳು ಹೀಗೇ ಹೋಯಿತು. ಆಸ್ಪತ್ರೆಗೆ ಹೋದಾಗ ಗಂಟು ನಿಂಬೆಕಾಯಿ ಗಾತ್ರ, ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯುತ್ತಿರಲಿಲ್ಲ. ಮುಂದಿನ ಸುಗ್ಗಿಯ ತೊಗರಿ ಅವನು ನೋಡಲಿಲ್ಲ.

ಆ ಉಪ್ಪಿನ ಗಂಟು ಏನು ಮಾಡುತ್ತಿತ್ತು ಅಂತ ಆಮೇಲೆ ನನ್ನದೇ ವಿಷಯದ ಲೆಕ್ಕ ಹಾಕಿ ನೋಡಿದೆ. ಚರ್ಮದ ಮೇಲ್ಪದರ ಬಿಸಿಯಾಗುತ್ತಿತ್ತು. ಅದಕ್ಕಿಂತ ಕೆಳಗೆ ಇಳಿಯುವ ಮೊದಲೇ ಆರೋಗ್ಯವಂತ ಚರ್ಮದ ರಕ್ತ ಆ ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ಗಂಟಿನ ನಡುವಿಗೆ 43 ಡಿಗ್ರಿ ಮುಟ್ಟಿಸಬೇಕೆಂದರೆ ಮೇಲಿನ ಚರ್ಮ ಸುಟ್ಟು ಹೋಗಬೇಕು. ಬರೆ ಹಾಕಿಸಿದರೂ ಅಷ್ಟೇ, ಸುಡುವುದು ಚರ್ಮ, ಒಳಗಿನದ್ದು ಬೆಳೆಯುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಶಾಖ ಕೊಡುವ ಕ್ರಮವೇ ಬೇರೆ. ಮೈಕ್ರೋವೇವ್, ರೇಡಿಯೋ ತರಂಗ ಅಥವಾ ಅಲ್ಟ್ರಾಸೌಂಡ್‌ನಿಂದ ಒಳಗೇ ಬಿಸಿ ಹುಟ್ಟಿಸುತ್ತಾರೆ. ಚರ್ಮ ಸುಡದಂತೆ ಮೇಲೆ ತಣ್ಣೀರಿನ ಚೀಲ ಇಡುತ್ತಾರೆ. ಗಡ್ಡೆಯೊಳಗೆ ಅಥವಾ ಅದರ ಪಕ್ಕಕ್ಕೆ ಕೂದಲೆಳೆಯಂಥ ಥರ್ಮಾಮೀಟರ್ ಇಟ್ಟು, ಸುಮಾರು ಒಂದು ಗಂಟೆ ಕಾಲ ಪ್ರತಿ ಡಿಗ್ರಿಯನ್ನೂ ನೋಡುತ್ತಾ ಕೂರುತ್ತಾರೆ. ಮತ್ತೆ ಅದನ್ನು ಒಂಟಿಯಾಗಿ ಕೊಡುವುದು ಅಪರೂಪ, ರೇಡಿಯೇಷನ್ ಅಥವಾ ಕೀಮೋ ಜೊತೆ ಕೊಡುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಲಿತ 114 ಹೆಂಗಸರ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಬರೀ ರೇಡಿಯೇಷನ್ ಪಡೆದವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 27. ರೇಡಿಯೇಷನ್ ಜೊತೆ ಶಾಖವನ್ನೂ ಪಡೆದವರಲ್ಲಿ 51. ಆಶಾ ಅಕ್ಕಂದಿರಿಗೆ ಈ ಅಂಕಿಯ ಬೆಲೆ ನನಗಿಂತ ಚೆನ್ನಾಗಿ ಗೊತ್ತು, ಹಳ್ಳಿಗಳಲ್ಲಿ ಆ ಕ್ಯಾನ್ಸರ್ ನೀವು ಎಷ್ಟು ನೋಡಿದ್ದೀರಿ.

ಶಾಖಕ್ಕೂ ತನ್ನ ತೊಡಕಿದೆ. ಒಮ್ಮೆ ಬಿಸಿ ತಿಂದು ಬದುಕಿದ ಕೋಶ ಗಟ್ಟಿಯಾಗುತ್ತದೆ. 1962ರಲ್ಲಿ ಇಟಲಿಯ ಫೆರುಚ್ಚೊ ರಿಟೊಸ್ಸಾ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಯಾರೋ ಇನ್‌ಕ್ಯುಬೇಟರಿನ ಶಾಖ ಏರಿಸಿಬಿಟ್ಟಿದ್ದರು. ನೋಡಿದರೆ ನೊಣಗಳ ಕ್ರೋಮೊಸೋಮಿನಲ್ಲಿ ಹೊಸ ಜಾಗಗಳು ಉಬ್ಬಿಕೊಂಡಿದ್ದವು. ಬಿಸಿ ಬಿದ್ದಾಗ ಕೋಶ ತನ್ನನ್ನು ಕಾಯಲು ವಿಶೇಷ ಪ್ರೋಟೀನ್ ತಯಾರಿಸುತ್ತದೆ ಅನ್ನುವುದರ ಮೊದಲ ಸುಳಿವು ಅದು. ಆ ಪ್ರೋಟೀನ್ ತಯಾರಾದ ಮೇಲೆ ಎರಡು ಮೂರು ದಿನ ಶಾಖಕ್ಕೆ ಬೆಲೆ ಕಡಿಮೆ. ಅದಕ್ಕೇ ದಿನಾ ಕೊಡುವುದಿಲ್ಲ, ವಾರಕ್ಕೆ ಒಂದು ಅಥವಾ ಎರಡು ಸಲ ಕೊಡುತ್ತಾರೆ.

ಈಗ ಎರಡನ್ನೂ ಜೋಡಿಸೋಣ. ಬೆಳಕು ರಕ್ತನಾಳದ ಹತ್ತಿರದ ಕೋಶಗಳನ್ನು ಕೊಲ್ಲುತ್ತದೆ, ಶಾಖ ದೂರದವುಗಳನ್ನು. ಹಾಗಾದರೆ ಎರಡೂ ಕೊಟ್ಟರೆ ಆಯಿತು, ಯಾವುದು ಮೊದಲಾದರೇನು ಅನಿಸಬಹುದು. ವ್ಯತ್ಯಾಸ ಇರುವುದೇ ಅಲ್ಲಿ. ಬಫಲೋದ ಅದೇ ಡೌಹರ್ಟಿ ಗುಂಪು ಇಲಿಗಳಲ್ಲಿ ಇದನ್ನು ಹಿಂದೆ ಮುಂದೆ ಮಾಡಿ ನೋಡಿ 1985ರಲ್ಲಿ ಫಲಿತಾಂಶ ಬರೆಯಿತು. ಮೊದಲು ಬೆಳಕು ಕೊಟ್ಟು ಕೂಡಲೇ ಶಾಖ ಕೊಟ್ಟಾಗ ಗಡ್ಡೆಗಳು ಹೆಚ್ಚು ವಾಸಿಯಾದವು. ಮೊದಲು ಶಾಖ, ಆಮೇಲೆ ಬೆಳಕು ಕೊಟ್ಟಾಗ ಅಷ್ಟು ಲಾಭವಿಲ್ಲ. ಎರಡರ ನಡುವೆ ಹೊತ್ತು ಹೆಚ್ಚಾದಷ್ಟೂ ಲಾಭ ಕಡಿಮೆ.

ಯಾಕೆ ಅಂತ ನೀವೇ ಹೇಳಬಹುದು ಈಗ. ಜೋರು ಶಾಖ ಮೊದಲು ಕೊಟ್ಟರೆ ಗಡ್ಡೆಯ ರಕ್ತನಾಳ ಕೆಡುತ್ತವೆ. ಕಾಲುವೆಯೇ ಒಡೆದ ಮೇಲೆ ಆಮ್ಲಜನಕ ಎಲ್ಲಿಂದ ಬರಬೇಕು? ಆಮೇಲೆ ಬೆಳಕು ಬಿಟ್ಟರೆ ಅದಕ್ಕೆ ಬೇಕಾದ ಮೂರನೇ ಸಾಮಾನೇ ಇಲ್ಲ. ಬೆಳಕು ಮೊದಲು ಕೊಟ್ಟರೆ? ಅದು ಇದ್ದ ಆಮ್ಲಜನಕ ಬಳಸಿಕೊಂಡು ತನ್ನ ಕೆಲಸ ಮುಗಿಸುತ್ತದೆ, ಹೋಗುವಾಗ ಗಡ್ಡೆಯ ರಕ್ತನಾಳಗಳನ್ನೂ ಮುಚ್ಚಿಸಿ ಹೋಗುತ್ತದೆ. ಈಗ ಇಡೀ ಗಡ್ಡೆಯೇ ಕೊನೆಯ ಹೊಲವಾಯಿತು. ರಕ್ತ ಇಲ್ಲ, ಅಂದರೆ ಕೂಲರ್ ಪೂರ್ತಿ ನಿಂತಿತು. ಆಮ್ಲ ಜಾಸ್ತಿಯಾಯಿತು. ಶಾಖಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಕಾ? ಇನ್ನೂ ಒಂದಿದೆ. ಬೆಳಕಿನಿಂದ ಅರ್ಧ ಕೆಟ್ಟು ಉಳಿದ ಕೋಶ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ನೋಡುತ್ತದೆ. ರಿಪೇರಿ ಮಾಡುವ ಪ್ರೋಟೀನುಗಳನ್ನು ಶಾಖ ಕೆಡಿಸುತ್ತದೆ. ಮನೆಗೆ ಬೆಂಕಿ ಬಿದ್ದ ದಿನವೇ ಬಾವಿ ಬತ್ತಿದ ಹಾಗೆ. ತಡಮಾಡಿದರೆ ಕೋಶ ರಿಪೇರಿ ಮುಗಿಸಿಕೊಂಡಿರುತ್ತದೆ, ಅದಕ್ಕೇ ಕೂಡಲೇ ಕೊಡಬೇಕು.

ಈ ಕ್ರಮಕ್ಕೆ ಒಂದು ಅಪವಾದ ಇದೆ, ಅದು ನನಗೆ ಬಹಳ ಇಷ್ಟ. ಎಎಲ್‌ಎ ಅಂತ ಒಂದು ಔಷಧಿ ಇದೆ. ಅದನ್ನು ಚರ್ಮಕ್ಕೆ ಹಚ್ಚಿದರೆ ಅದು ತಾನೇ ಬೆಳಕು ಹೀರುವುದಿಲ್ಲ, ನಮ್ಮ ಕೋಶಗಳು ಅದರಿಂದ ಪ್ರೋಟೋಪೋರ್ಫಿರಿನ್ ತಯಾರಿಸುತ್ತವೆ. ರಕ್ತದ ಕೆಂಪು ಬಣ್ಣ ಆಗುವುದಕ್ಕೆ ಒಂದು ಹೆಜ್ಜೆ ಹಿಂದಿನ ವಸ್ತು ಅದು, ಕಬ್ಬಿಣ ಸೇರಿದರೆ ಹೀಮ್ ಆಗುತ್ತದೆ. ಕೋಶ ಇದನ್ನು ತಯಾರಿಸುವ ವೇಗ ಶಾಖದ ಮೇಲೆ ನಿಂತಿದೆ. ಚರ್ಮ ತಣ್ಣಗಿದ್ದರೆ ನಿಧಾನ, ಬೆಚ್ಚಗಿದ್ದರೆ ಬೇಗ. ಹಾಗಾಗಿ ಔಷಧಿ ಹಚ್ಚಿದ ಮೇಲೆ, ಬೆಳಕು ಬಿಡುವ ಮೊದಲು, ಚರ್ಮವನ್ನು ಹಿತವಾಗಿ ಬೆಚ್ಚಗಿಟ್ಟರೆ ಫಲ ಹೆಚ್ಚು. ಇದು ಕೊಲ್ಲುವ ಶಾಖ ಅಲ್ಲ, ಅಡುಗೆಗೆ ಹೊಂದಿಸುವ ಕಾವು. ಹಿಟ್ಟು ಹುದುಗು ಬರಲು ಬೆಚ್ಚಗಿನ ಮೂಲೆ ಹುಡುಕುತ್ತೀರಲ್ಲ, ಅಂಥದ್ದು. ಹಿತವಾದ ಕಾವು ಮೊದಲು, ಬೆಳಕು ನಡುವೆ, ಜೋರು ಶಾಖ ಕೊನೆಗೆ.

ಈಚೆಗೆ ಎರಡೂ ಕೆಲಸವನ್ನು ಒಂದೇ ಕಣದಿಂದ ಮಾಡಿಸುವ ಪ್ರಯತ್ನ ಜೋರಾಗಿದೆ. ಬಂಗಾರವನ್ನು ಬಹಳ ಸಣ್ಣ ಕಣವಾಗಿ ಮಾಡಿದರೆ ಅದು ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬೆಳಕನ್ನು ಹೀರಿ ಕಾಯುತ್ತದೆ. ಆ ಬೆಳಕು ಕೆಂಪಿಗಿಂತ ಸ್ವಲ್ಪ ಹೆಚ್ಚು ಆಳಕ್ಕೂ ಇಳಿಯುತ್ತದೆ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಾಸ್ ಮತ್ತು ಜೆನಿಫರ್ ವೆಸ್ಟ್ 2003ರಲ್ಲಿ ಬಂಗಾರದ ಚಿಪ್ಪಿನ ಕಣಗಳಿಂದ ಗಡ್ಡೆಯನ್ನು ಹೀಗೆ ಕಾಯಿಸಿ ತೋರಿಸಿದರು. 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಗಂಡಸರ ಮೇಲಿನ ಮೊದಲ ಪ್ರಯೋಗದ ವರದಿ ಬಂತು. ಅದು ಶಾಖದ್ದು ಮಾತ್ರ. ಅದೇ ಕಣಕ್ಕೆ ಬೆಳಕಿನ ಔಷಧಿಯನ್ನೂ ಅಂಟಿಸಿ ಎರಡೂ ಮಾಡಿಸಿದ ಫಲಿತಾಂಶಗಳು ಬಹುಪಾಲು ಇಲಿಗಳವು.

ಇಲಿಯಲ್ಲಿ ವಾಸಿಯಾಯಿತು ಅಂತ ಪೇಪರಿನಲ್ಲಿ ಓದಿದಾಗ ಒಂದು ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಇಲಿ ಅಂಗೈಯಲ್ಲಿ ಹಿಡಿಸುತ್ತದೆ, ಅದರ ಗಡ್ಡೆ ತೊಗರಿ ಕಾಳಿನಷ್ಟೋ ಸ್ವಲ್ಪ ದೊಡ್ಡದೋ, ಚರ್ಮದ ಅಡಿಯಲ್ಲೇ. ಬೆಳಕು ಆ ಕಡೆಯಿಂದ ಈ ಕಡೆಗೆ ದಾಟುತ್ತದೆ, ನಿಮ್ಮ ಬೆರಳು ದಾಟಿದ ಹಾಗೆ. ಕಾಕಾನ ಗಂಟಿನ ಗಾತ್ರ ಹೇಳಿದೆನಲ್ಲ, ಅದರ ನಡುವಿಗೆ ಯಾವ ಟಾರ್ಚೂ ಮುಟ್ಟುವುದಿಲ್ಲ. ಮತ್ತೆ ಇಲಿಯ ಗಡ್ಡೆಯಲ್ಲಿ ಇಂಥ ಕಣಗಳು ಸೋರಿ ನಿಂತಷ್ಟು ಸುಲಭವಾಗಿ ಮನುಷ್ಯರ ಗಡ್ಡೆಯಲ್ಲಿ ನಿಲ್ಲುವುದಿಲ್ಲ. ಈ ಜೋಡಿ ಚಿಕಿತ್ಸೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಯಾರಾದರೂ ಬೆಳಕು ಶಾಖ ಕೊಟ್ಟು ಗುಣಪಡಿಸುತ್ತೇವೆ, ಆಪರೇಷನ್ ಬೇಡ ಅಂದರೆ ನಂಬಬೇಡಿ. ಮೊದಲು ಸರಿಯಾದ ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನವರೆಗೆ ಹೋಗಬೇಕೆಂದೇನಿಲ್ಲ, ಕಿದ್ವಾಯಿ ಸಂಸ್ಥೆಯ ಕೇಂದ್ರ ನಮ್ಮ ಕಲಬುರಗಿಯಲ್ಲೇ ಇದೆ.

ಹಾಗಾದರೆ ನಾನ್ಯಾಕೆ ಇಷ್ಟು ಹೊತ್ತು ಇದರ ಬಗ್ಗೆ ಮಾತಾಡಿದೆ? ಬಾಯಿಯ ಕಾರಣಕ್ಕೆ. ಬೆಳಕಿಗೆ ಅರ್ಧ ಸೆಂಟಿಮೀಟರ್ ಮಿತಿ ಅಂದೆ. ಕೆನ್ನೆಯ ಒಳಗಿನ ಬಿಳಿ ಮಚ್ಚೆ ಎಷ್ಟು ಆಳ ಇರುತ್ತದೆ? ತೆಳ್ಳಗೆ, ಮೇಲೆಯೇ. ಬಾಯಿ ತೆರೆದರೆ ಕಾಣುತ್ತದೆ, ನಾರು ಹಿಡಿದು ಬೆಳಕು ಬಿಡಬಹುದು, ಬಿಸಿ ಎಷ್ಟಾಯಿತು ಅಂತ ಅಳೆಯುವುದೂ ಸುಲಭ. ಅಂಥ ಮಚ್ಚೆಗಳಿಗೆ ಬೆಳಕಿನ ಚಿಕಿತ್ಸೆ ಈಗಾಗಲೇ ಹಲವು ಕಡೆ ಕೊಟ್ಟು ನೋಡಿದ್ದಾರೆ. ಬಾಯಿಯಲ್ಲಿ ಆಪರೇಷನ್ ಆದರೆ ಮಾತು, ಊಟ, ಮುಖದ ಆಕಾರ ಎಲ್ಲದರ ಮೇಲೂ ಪರಿಣಾಮ. ಕಲೆ ಕಡಿಮೆ ಬಿಡುವ ಚಿಕಿತ್ಸೆಗೆ ಅಲ್ಲಿರುವಷ್ಟು ಬೆಲೆ ಬೇರೆಲ್ಲೂ ಇಲ್ಲ. ತಂಬಾಕು, ಗುಟಕಾ ಇಷ್ಟೊಂದು ತಿನ್ನುವ ನಮ್ಮ ಜಿಲ್ಲೆಗಳಲ್ಲಿ ಮುಂದೆ ಈ ಜೋಡಿ ಚಿಕಿತ್ಸೆ ಯಾವುದಕ್ಕಾದರೂ ಒದಗುವುದಾದರೆ ಅದಕ್ಕೇ ಅಂತ ನನ್ನ ನಂಬಿಕೆ. ಆದರೆ ಮಚ್ಚೆ ಮಚ್ಚೆಯಾಗಿದ್ದಾಗಲೇ ಸಿಗಬೇಕು. ಆಶಾ ಅಕ್ಕಂದಿರೇ, ಮನೆಮನೆಗೆ ಹೋದಾಗ ಬಿಪಿ ಕೇಳುತ್ತೀರಿ, ಸಕ್ಕರೆ ಕಾಯಿಲೆ ಕೇಳುತ್ತೀರಿ. ಅದೇ ಮೊಬೈಲ್ ಟಾರ್ಚ್ ಹಿಡಿದು, ಅಣ್ಣಾ ಒಂದು ಸಲ ಬಾಯಿ ತೆಗಿ ಅನ್ನಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಕಳಿಸಿಕೊಡಿ.

ಮಾತು ಮುಗಿದ ಮೇಲೆ ಆಳಂದ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು ಕೇಳಿದರು: "ಅಕ್ಕೋರ, ಆ ಔಷಧಿ ಚುಚ್ಚಿಸಿಕೊಂಡವರು ನಮ್ಮ ಬಿಸಿಲಾಗ ಹ್ಯಾಂಗ ಬದುಕೋದ್ರಿ? ಹೊಲಕ್ಕ ಹೋಗಲೇಬೇಕಲ್ಲ?"

ಅವತ್ತಿನ ಅತ್ಯಂತ ಒಳ್ಳೆಯ ಪ್ರಶ್ನೆ ಇದು. 1912ರಲ್ಲಿ ಫ್ರೀಡ್ರಿಶ್ ಮೇಯರ್ ಬೆಟ್ಜ್ ಅನ್ನುವ ಜರ್ಮನ್ ವೈದ್ಯ ಇಂಥದ್ದೇ ವಸ್ತುವನ್ನು ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಬಿಸಿಲು ಬಿದ್ದ ಮುಖ, ಕೈ ಊದಿಕೊಂಡು ಗುರುತು ಸಿಗದ ಹಾಗಾಯಿತು. ಫೋಟೋಫ್ರಿನ್ ಪಡೆದವರು ಕನಿಷ್ಠ 30 ದಿನ ಬಿಸಿಲಿಗೆ ಬರುವಂತಿಲ್ಲ, ಕೆಲವರಿಗೆ ಮೂರು ತಿಂಗಳವರೆಗೂ ಆಗಬಹುದು. ಸನ್‌ಸ್ಕ್ರೀನ್ ಉಪಯೋಗವಿಲ್ಲ, ಅದು ತಡೆಯುವುದು ನೇರಳಾತೀತ ಕಿರಣ, ಇಲ್ಲಿ ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಬೆಳಕು. ಮೈತುಂಬ ಬಟ್ಟೆ, ಟೋಪಿ, ಕಪ್ಪು ಕನ್ನಡಕ ಬೇಕು. ಹಾಗಂತ ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬಾರದು. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದ ಔಷಧಿಯನ್ನು ಮೆಲ್ಲಗೆ ಕೆಡಿಸುತ್ತಾ ಬರುತ್ತದೆ. ಒಂದು ತಿಂಗಳಾದ ಮೇಲೆ ಹೊರಗೆ ಹೋಗಬಹುದೋ ಇಲ್ಲವೋ ನೋಡುವ ವಿಧಾನವನ್ನೂ ಹೇಳಿಕೊಟ್ಟಿರುತ್ತಾರೆ. ಕಾಗದದ ಚೀಲಕ್ಕೆ ಎರಡು ಇಂಚಿನ ತೂತು ಮಾಡಿ, ಅದರೊಳಗೆ ಕೈ ಹಾಕಿ, ಹತ್ತು ನಿಮಿಷ ಬಿಸಿಲಿಗೆ ಹಿಡಿಯಬೇಕು. ಒಂದು ದಿನ ಕಾಯಬೇಕು. ತೂತಿನ ಜಾಗದಲ್ಲಿ ಕೆಂಪಾಗದಿದ್ದರೆ, ಊತ ಗುಳ್ಳೆ ಏಳದಿದ್ದರೆ, ಮೊದಲು ಸ್ವಲ್ಪ ಸ್ವಲ್ಪ ಹೊತ್ತು ಹೊರಗೆ ಬರಬಹುದು. ಕೆಂಪಾದರೆ ಇನ್ನೂ ಎರಡು ವಾರ ಬಿಟ್ಟು ಮತ್ತೆ ಚೀಲ ಹಿಡಿಯಬೇಕು.